ಕೈಗಡ

ಕೋಲಾರದ ಟೊಮೇಟೊ ಮಂಡಿ. ಬೆಳಗಿನ ಜಾವ ಮೂರೂವರೆ.
ಟಮಕದ ಕಾಲೇಜಿನಿಂದ ಬಂದ ಹುಡುಗಿ, ಹಾಜಿರಾ,
ಕಬ್ಬಿಣದ ಹಿಡಿಯೊಂದನ್ನು ನನ್ನ ಅಂಗೈಗಿಟ್ಟು
"ಹಿಂಡಿ ಪಿಳ್ಳಪ್ಪಣ್ಣ, ಇನ್ನೂ, ಇನ್ನೂ" ಅಂದಳು.
ಮುಳ್ಳು ನಲವತ್ತಾರಕ್ಕೆ ಹೋಗಿ ನಡುಗಿತು.
ಬರೆದುಕೊಂಡಳು.
ಎಷ್ಟೋ ಕಾಟಾ ನೋಡಿದ್ದೇನೆ,
ಕೈಯನ್ನೇ ತೂಗುವ ಕಾಟಾ ಇದೇ ಮೊದಲು.

ಆಮೇಲೆ ಲಾರಿ. ಕಲ್ಕತ್ತಾ ಲೋಡು.
ಹದಿನೈದು ಕೇಜಿಯ ಬಾಕ್ಸು, ಒಂದು ಸಲಕ್ಕೆ ಎರಡು.
ಏಳುನೂರು ಮುಗಿಯುವಷ್ಟರಲ್ಲಿ
ಅಂತರಗಂಗೆ ಬೆಟ್ಟದ ಬಂಡೆಗಳಿಗೆ ಬಿಸಿಲು ಹತ್ತಿತ್ತು.
ಮತ್ತೆ ಹಿಂಡಿಸಿದಳು. ಮೂವತ್ತೊಂದು.

"ಸರಿಯಾಗಿ ಒಂದು ಬಾಕ್ಸು ಕಮ್ಮಿ ಬಂತಲ್ಲಮ್ಮ,
ಇದಕ್ಕೂ ದಲ್ಲಾಳಿ ಕಮಿಷನ್ ಹಿಡಕೊಂಡನಾ?"

ನಕ್ಕಳು. ಖಾಲಿ ಬಾಕ್ಸು ಬೋರಲು ಹಾಕಿ ಕೂತು
ಮಂಡಿಯ ಭಾಷೆಯಲ್ಲೇ ಹೇಳಿದಳು:
ಸ್ನಾಯುವಿನ ಒಂದೊಂದು ಎಳೆಯೊಳಗೂ
ಕಣ್ಣಿಗೆ ಕಾಣದ ಕೊಕ್ಕೆಗಳಂತೆ, ಸಾಲು ಸಾಲು,
ಹಗ್ಗ ಜಗ್ಗುವವರ ಹಾಗೆ
ಹಿಡಿದು, ಎಳೆದು, ಬಿಟ್ಟು, ಮುಂದಕ್ಕೆ ಹಿಡಿದು.
ಕೂಲಿ ಒಂದೇ ನಾಣ್ಯದಲ್ಲಿ. ಎಟಿಪಿ.
ಎಳೆಯ ಗಲ್ಲಾಪೆಟ್ಟಿಗೆಯಲ್ಲಿ ಅದು ಒಂದುಸಿರಿಗೆ ಸಾಲುವಷ್ಟೇ.
ಆಮೇಲೆ ಜೇಬಿನ ಚಿಲ್ಲರೆ, ಕ್ರಿಯಾಟಿನ್ ಅಂತ ಹೆಸರು,
ಮೊದಲ ಬಾಕ್ಸು ಲಾರಿ ಹತ್ತುವಷ್ಟರಲ್ಲಿ ಖರ್ಚು.
ಆಮೇಲೆ ಕೈಗಡ:
ರಾತ್ರಿ ಉಂಡ ಮುದ್ದೆಯ ಸಕ್ಕರೆ
ಗಾಳಿಗೂ ಕಾಯದೆ ಉರಿದು ಹುಳಿ ಬಿಡುವುದು.
ಕೊನೆಗೆ ಉಸಿರಿನ ಸಂಬಳ.
ತಡವಾಗುತ್ತೆ, ಆದರೆ ಬರುತ್ತೆ.

"ಅಂದ್ರೆ ನನ್ನ ಕಾಸು ಮುಗೀತು."
"ಇಲ್ಲಣ್ಣ, ಅಷ್ಟು ಸುಲಭಕ್ಕೆ ಮುಗಿಯೋಕೆ ಬಿಡಲ್ಲ ಮೈ.
ಒಲೆಯಲ್ಲಿ ಸೌದೆ ಇದೆ, ಬೂದಿ ಬಳಿದಿಲ್ಲ.
ನಾಣ್ಯ ಒಡೆದಾಗ ಉದುರೋ ರಂಜಕದ ಚೂರು
ಗುಡ್ಡೆ ಬಿದ್ದು ಕೊಕ್ಕೆಗಳ ಪಟ್ಟು ಸಡಿಲ."

ಹಿಟ್ಟು ತಿಂದವ ಬೆಟ್ಟ ಕಿತ್ತ ಅಂತ ಕೇಳಿ ಬೆಳೆದವನು ನಾನು.
ಬೂದಿಯ ವಿಷಯ ಯಾರೂ ಹೇಳಿರಲಿಲ್ಲ.

"ಪೂರ್ತಿ ಮುಗಿದ್ರೆ?"
ಹುಡುಗಿ ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು.
"ಕೈ ಬಿಡಲ್ಲ ಅಣ್ಣ.
ಹಿಡಿದ ಕೊಕ್ಕೆ ಕಳಚಿಕೊಳ್ಳಬೇಕಾದರೂ
ಒಂದು ನಾಣ್ಯ ಇಡಬೇಕು.
ಇಲ್ದಿದ್ರೆ ಹಿಡಿದದ್ದು ಹಿಡಿದ ಹಾಗೇ."

ಬಾಬಾಜಾನ್ ನೆನಪಾದ.
ಹೋದ ಮಾಗಿಯಲ್ಲಿ ಲೋಡು ಮುಗಿಸಿ
ಟಾರ್ಪಾಲಿನ ಮೇಲೆ ಒರಗಿದವನು ಏಳಲಿಲ್ಲ.
ಬೆಳಿಗ್ಗೆ ನೋಡಿದರೆ ಬಲಗೈ ಮುಷ್ಟಿ,
ಮುಷ್ಟಿಯೊಳಗೆ ಹಿತ್ತಾಳೆಯ ಟೋಕನ್ನು.
ಟೋಕನ್ನು ಕೊಟ್ಟರೇ ಕೂಲಿ, ಅಂದ ಗುಮಾಸ್ತ.
ನಾನು, ಚೌಡಪ್ಪ, ಒಂದೊಂದೇ ಬೆರಳು ಹಿಡಿದು ಎಳೆದು ಸೋತೆವು,
ದಿನಕ್ಕೆ ಸಾವಿರ ಬಾಕ್ಸು ಎತ್ತುವ ನಾವು.
ಕಾಸಿನ ಆಸೆ, ಸತ್ತರೂ ಬಿಡಲಿಲ್ಲ ನೋಡು,
ಅಂದರು ಸುತ್ತ ನಿಂತವರು.
ನಾನೂ ಹೂಂ ಅಂದಿದ್ದೆ.
ಮೈ ತೊಳೆಯುವಾಗ ಬಿಸಿನೀರಿಗೆ ಬೆರಳು ಜಾರಿತಂತೆ.
ಅವನ ತಮ್ಮ ತಂದು ಮೇಜಿನ ಮೇಲಿಟ್ಟ,
ಟೋಕನ್ನು ಇನ್ನೂ ಒದ್ದೆ.

ಬಿಡಲಿಕ್ಕೆ ಅವನಲ್ಲಿ ಕಾಸಿರಲಿಲ್ಲ, ಅಷ್ಟೇ.
ಆ ಹೂಂ ಅನ್ನು ಈಗ ಯಾರಿಗೆ ವಾಪಸು ಕೊಡಲಿ?

ಹಾಜಿರಾ ಹಿಡಿ ಕೇಳಿದಳು.
ಕೈ ತೆರೆದೆ. ಕಿರುಬೆರಳು, ಉಂಗುರದ್ದು, ನಡುವಿನದು,
ಅದುರುತ್ತ, ಒಂದೊಂದಾಗಿ.
ಇದಕ್ಕೂ ಖರ್ಚಾಗುತ್ತಿದೆ
ರಾತ್ರಿಯ ಮುದ್ದೆ, ಬಸ್ಸಾರು.
ಮುಳ್ಳು ಸೊನ್ನೆಗೆ ಬಂತು.
ಅದನ್ನು ಅವಳು ಬರೆದುಕೊಳ್ಳಲಿಲ್ಲ.